ಬದಲಿ ಕೊಟ್ಟು ಹೋಗು

ಎಲ್ಲದಕ್ಕೂ ಮೂಲ ಡಾಕ್ಟರ್ ಯಕ್ಷಿತಾ ಬರೆದುಕೊಟ್ಟ ಒಂದು ಚೀಟಿ. ಶನಿವಾರ ಬೆಳಿಗ್ಗೆ ಧನರಾಜ ತನ್ನ ತಂದೆ ಕಾಂತಪ್ಪನವರನ್ನು ಮರೆವಿನ ಕಾಯಿಲೆಯ ತಪಾಸಣೆಗೆ ಕರೆದುಕೊಂಡು ಹೋಗಿದ್ದ. ಡಾಕ್ಟರು ತಂದೆಯ ನಾಡಿ ನೋಡಿದರು, ಕಣ್ಣು ನೋಡಿದರು, ಕೊನೆಗೆ ಮಗನ ಮುಖ ನೋಡಿ ಪೆನ್ನು ಕೆಳಗಿಟ್ಟರು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಆಕೆಯ ಬಾಯಲ್ಲಿ ಸಿಗ್ನಲ್ ಸಿಗದ ಲೋಕಲ್ ರೈಲಿನಂತೆ ನಿಂತು ನಿಂತು ಬರುತ್ತಿತ್ತು.

“ಅಂಕಲ್ ಓಕೆ ಇದ್ದಾರೆ. ನೀವು ಓಕೆ ಇಲ್ಲ. ವೀಕ್‌ನಲ್ಲಿ ಒಂದು ಈವ್ನಿಂಗ್ ನಿಮಗೋಸ್ಕರ, ಕಂಪಲ್ಸರಿ. ಇಲ್ಲಾಂದ್ರೆ ನೆಕ್ಸ್ಟ್ ಟೈಮ್ ನಿಮ್ಮದೂ ಫೈಲ್ ಓಪನ್ ಮಾಡ್ಬೇಕಾಗ್ತದೆ.”

ಚೀಟಿಯಲ್ಲಿ ತಂದೆಗೆ ಎರಡು ಮಾತ್ರೆ, ಮಗನಿಗೆ ಒಂದು ಸಂಜೆ ಬರೆದಿತ್ತು. ಮಾತ್ರೆ ಕೆಳಗಿನ ಅಂಗಡಿಯಲ್ಲೇ ಸಿಕ್ಕಿತು. ಸಂಜೆ ಎಲ್ಲಿ ಸಿಗುತ್ತದೆಂದು ಅಂಗಡಿಯವನಿಗೂ ಗೊತ್ತಿರಲಿಲ್ಲ.

ಕಾಂತಪ್ಪನವರು ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ನಲವತ್ತು ವರ್ಷ ಮೇನೇಜರರಾಗಿದ್ದವರು. ನಿವೃತ್ತರಾದರು, ಹೆಂಡತಿ ತೀರಿಕೊಂಡರು, ಆಮೇಲೆ ಮರೆವು ಬಂದು ತಲೆಯಿಂದ ಒಂದೊಂದೇ ಸಾಮಾನು ಹೊರಗೆ ಸಾಗಿಸತೊಡಗಿತು. ಮನೆಯ ದಾರಿ ಹೋಯಿತು, ಉಂಡ ನೆನಪು ಹೋಯಿತು, ತನಗೊಬ್ಬ ಮಗನಿದ್ದಾನೆ ಎನ್ನುವುದೂ ಹೋಯಿತು. ಹೋಟೆಲೊಂದು ಉಳಿಯಿತು. ಸಯನ್‌ನಲ್ಲಿ ತಂದೆ ಮಗ ಇಬ್ಬರೇ ಇದ್ದ ಎರಡು ಕೋಣೆಯ ಮನೆಯೇ ಈಗ ಅವರ ಹೋಟೆಲು. ಬೆಳಿಗ್ಗೆ ಆರಕ್ಕೆ ಬಾಗಿಲ ಎದುರು ಕುರ್ಚಿ ಹಾಕಿ ಕುಳಿತರೆ ಮಲಗುವವರೆಗೆ ಏಳುವುದಿಲ್ಲ. ಧನರಾಜ ಅಲ್ಲಿಯ ಏಕೈಕ ಸಪ್ಲಾಯರ್. ರಾತ್ರಿ ಎರಡಕ್ಕೂ ಮೂರಕ್ಕೂ “ಧನರಾಜಾ, ನಾಲ್ಕನೇ ಟೇಬಲಿಗೆ ನೀರು” ಎಂಬ ಕೂಗು ಬಂದರೆ ಎದ್ದು, ಇಲ್ಲದ ಟೇಬಲಿಗೆ ನೀರಿಟ್ಟು ಬರಬೇಕು. ವಾದ ಮಾಡಬೇಡಿ, ಅವರ ಲೋಕದೊಳಗೆ ನೀವೇ ಹೋಗಿ ಎಂದು ಡಾಕ್ಟರು ಹೇಳಿದ್ದರು. ಅವನು ಒಳಗೆ ಹೋಗಿ ಎರಡು ವರ್ಷವಾಗಿತ್ತು. ಹೊರಗೆ ಬರುವ ದಾರಿಯನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಹೇಳದೆ ಕೇಳದೆ ಹೊರಗೆ ಹೋಗುವ ಹಾಗೂ ಇರಲಿಲ್ಲ. ಒಮ್ಮೆ ಹಾಗೆ ಹೋದಾಗ ಮೇನೇಜರರು ಓಡಿಹೋದ ಕೆಲಸದವನನ್ನು ಹುಡುಕುತ್ತ ಸ್ಟೇಷನ್ ತಲುಪಿದ್ದರು. ಗೊತ್ತಿಲ್ಲದವರ ಕೈಯಿಂದ ಅವರು ಒಂದು ತುತ್ತು ತಿನ್ನುವುದಿಲ್ಲ. ಡ್ಯೂಟಿಯಲ್ಲಿರುವವನೇ ಬಡಿಸಬೇಕು.

ಧನರಾಜನಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಪವಾಯಿ ಕೆರೆಯ ದಂಡೆಯಲ್ಲಿ ಒಂದು ಸಂಜೆ ಕುಳಿತುಕೊಳ್ಳಬೇಕು, ಯಾರೂ ಏನೂ ಕೇಳಬಾರದು, ಅಷ್ಟೆ. ನಿದ್ದೆಗೆಟ್ಟ ಕಣ್ಣಿಗೆ ಆ ಕೆರೆ ಎಲ್ಲೆಂದರಲ್ಲಿ ಕಾಣುತ್ತಿತ್ತು. ಸಾರಿನ ಪಾತ್ರೆಯಲ್ಲಿ ಕಾಣುತ್ತಿತ್ತು, ನೆಲ ಒರೆಸಿದ ನೀರಿನಲ್ಲಿ ಕಾಣುತ್ತಿತ್ತು. ಅವನು ಬಕೆಟ್ ಮುಂದೆ ಕುಕ್ಕರುಗಾಲಲ್ಲಿ ಕೂತು ಐದೈದು ನಿಮಿಷ ದಂಡೆಯ ಗಾಳಿ ಕುಡಿಯುತ್ತಿದ್ದ.

ಆ ಶನಿವಾರವೇ ಮಧ್ಯಾಹ್ನದ ಊಟವಾದ ಮೇಲೆ ಅವನು ಧೈರ್ಯ ಮಾಡಿ ಮೇನೇಜರರ ಎದುರು ಕೈಕಟ್ಟಿ ನಿಂತು ರಜೆ ಕೇಳಿದ. ಕಾಂತಪ್ಪನವರು ಕನ್ನಡಕದ ಮೇಲಿನಿಂದ ನೋಡಿದರು.

“ರಜೆ ಕೊಡುವಾ, ಅದಕ್ಕೆಂತ. ಬದಲಿ ಜನ ಕೊಟ್ಟು ಹೋಗು.”

ಅದು ಹೋಟೆಲಿನವರ ಹಳೆಯ ಕಟ್ಟಳೆ. ಊರಿಗೆ ಹೊರಟವನು ತನ್ನ ಜಾಗಕ್ಕೆ ಒಬ್ಬನನ್ನು ತಂದು ನಿಲ್ಲಿಸಬೇಕು, ಅವನನ್ನು ಮೇನೇಜರರು ಒಪ್ಪಬೇಕು. ಒಪ್ಪದಿದ್ದರೆ ಊರೂ ಇಲ್ಲ, ರಜೆಯೂ ಇಲ್ಲ.

ಸುದ್ದಿ ಹೇಗೋ ಬಿಲ್ಡಿಂಗಿಗೆ ಹರಡಿತು. ಮೊದಲು ಬಂದವರು ಕೆಳಗಿನ ಮಹಡಿಯ ಸಿದ್ದಲಿಂಗಪ್ಪ. ವಿಜಯಪುರದ ಕಡೆಯವರು, ಕಟ್ಟಡದ ಕೆಲಸಕ್ಕೆ ಜನ ಒದಗಿಸುವ ಮೇಸ್ತ್ರಿ. ಐದು ನೂರು ಮಂದಿಯನ್ನು ಆಳಿದವನಿಗೆ ಒಬ್ಬ ಮುದುಕ ಯಾವ ಲೆಕ್ಕ ಎಂಬುದು ಅವರ ವಾದ. ಬಂದವರೇ ಮೇನೇಜರರ ಎದುರಿನ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕುಳಿತು, ಏನ್ರಿ ಆರಾಮ ಅದೀರಿ ಎಂದರು. ಕಾಂತಪ್ಪನವರಿಗೆ ಗಿರಾಕಿ ಬಂದ ಸಂಭ್ರಮ. ಧನರಾಜ ಗಿರಾಕಿಗೆ ಒಂದು ಚಾ, ಒಂದು ಉಪ್ಪಿಟ್ಟು, ಮತ್ತೆ ಒಂದು ಚಾ ಮಾಡಿಕೊಡಬೇಕಾಯಿತು. ಬದಲಿಗೆಂದು ಬಂದವರು ತೃಪ್ತಿಯಿಂದ ತೇಗಿ, ನಿಮ್ಮ ಅಪ್ಪಾರು ಛಲೋ ಮನಿಷ್ಯಾ ಅದಾರ ನೋಡ್ರಿ ಎಂದು ಸರ್ಟಿಫಿಕೇಟು ಕೊಟ್ಟು ಮನೆಗೆ ಹೋಗಿ ಮಲಗಿದರು.

ಎರಡನೆಯವಳು ಎದುರು ಮನೆಯ ಗುರುಬಾಯಿ. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿದ್ದವಳು. ಅವಳಿಗೆ ಈ ನಾಟಕವೇ ಸರಿಬೀಳಲಿಲ್ಲ. ಕಾಯಿಲೆಯವರಿಗೆ ಸುಳ್ಳು ಹೇಳಬಾರದೆಂದು ಧನರಾಜನನ್ನು ಬದಿಗೆ ಸರಿಸಿ, ನೇರ ಹೋಗಿ ಮುದುಕನ ಕೈ ಹಿಡಿದಳು.

“ಅಜ್ಜಾರ, ಇದು ಹೋಟೆಲ್ ಅಲ್ಲರಿ. ನಿಮ್ಮ ಮನಿ. ಇಂವ ನಿಮ್ಮ ಮಗಾ.”

ಕಾಂತಪ್ಪನವರು ಸುತ್ತ ನೋಡಿದರು. ಗೋಡೆಯನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಧನರಾಜನನ್ನು ನೋಡಿದರು. ಏನೂ ಗುರುತು ಹತ್ತಲಿಲ್ಲ. ಅವರ ಗಲ್ಲ ನಡುಗತೊಡಗಿತು.

“ಹಾಗಾದರೆ ನನ್ನ ಹುಡುಗರೆಲ್ಲ ಎಲ್ಲಿ ಹೋದರು? ಅವರು ಊಟ ಮಾಡಿದ್ದಾರಾ?” ಎಂದು ಸಣ್ಣ ದನಿಯಲ್ಲಿ ಕೇಳಿದರು.

ಧನರಾಜನಿಗೆ ತನ್ನ ಒಂದು ಸಂಜೆಯ ಆಸೆಗೆ ಈ ಜೀವವನ್ನು ಅಳಿಸಿದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಕೆರೆಯೂ ಬೇಡ, ದಂಡೆಯೂ ಬೇಡ ಎಂದು ಬಾಯಿ ತೆರೆಯುವಷ್ಟರಲ್ಲಿ ಗುರುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಸತ್ಯ ಹೇಳಿ ಕೆಟ್ಟವಳು ಸುಳ್ಳಿನಲ್ಲಿ ಹಿಂದೆ ಬೀಳಲಿಲ್ಲ.

“ಉಂಡಾರ್ರಿ ಸಾಹೇಬ್ರ, ಎಲ್ಲಾರೂ ಉಂಡು ಒಳಗ ಅಡ್ಡಾಗ್ಯಾರ. ನಾ ಹೊಸಾಕಿ ಬಂದೀನಿ, ಬದಲಿ ಕೆಲಸಕ್ಕ.”

ನಡುಗುವ ಗಲ್ಲ ನಿಂತಿತು. ಮೇನೇಜರರು ಕಣ್ಣೊರೆಸಿಕೊಂಡು ಪರೀಕ್ಷೆಗೆ ಸಿದ್ಧರಾದರು. ಒಂದು ಕೈಯಲ್ಲಿ ಎಷ್ಟು ಕಪ್ ಹಿಡಿಯುತ್ತಿ ಎಂದು ಕೇಳಿದರು. ವಾರ್ಡಿನಲ್ಲಿ ಮೂವತ್ತು ವರ್ಷ ಚಹಾ ಹಂಚಿದ ಕೈ ನಾಲ್ಕು ಕಪ್ಪು ಹಿಡಿದು, ಕೋಣೆ ಸುತ್ತಿ, ಒಂದು ಹನಿ ಚೆಲ್ಲದೆ ಟೇಬಲಿಗಿಟ್ಟಿತು. ಕಾಂತಪ್ಪನವರು ಧನರಾಜನ ಕಡೆ ತಿರುಗಿದ ನೋಟದಲ್ಲಿ, ಇಷ್ಟು ದಿನ ನೀನೇನು ಮಾಡುತ್ತಿದ್ದೆ ಎಂಬ ಪ್ರಶ್ನೆಯಿತ್ತು.

“ಜನ ಚುರುಕುಂಟು. ನೀನು ಊರಿಗೆ ಹೋಗಿ ಬಾ,” ಎಂದು ಅವನ ತಲೆಯ ಮೇಲೆ ಕೈಯಿಟ್ಟರು. ಆ ಕೈ ತಲೆಯ ಮೇಲೆ ಬಿದ್ದು ಎಷ್ಟು ವರ್ಷವಾಗಿತ್ತೋ. ಅವನಿಗೆ ಹೋಗಲೇ ಮನಸ್ಸಾಗಲಿಲ್ಲ. ಏಳೂವರೆಗೆ ತನ್ನ ಮೊಮ್ಮಗಳ ಬರ್ತ್‌ಡೇ ಇದೆ, ಅಷ್ಟರೊಳಗೆ ಬಾ ಎಂದು ಗುರುಬಾಯಿಯೇ ಅವನನ್ನು ಹೊರಗೆ ದಬ್ಬಿದಳು.

ಸಯನ್‌ನಿಂದ ಕಾಂಜೂರ್‌ಮಾರ್ಗಕ್ಕೆ ಲೋಕಲ್, ಅಲ್ಲಿಂದ ಪವಾಯಿಗೆ ಬಸ್. ಕಿಟಕಿಯ ಹೊರಗೆ ಬಿಲ್ಡಿಂಗುಗಳು ತೂಕಡಿಸುತ್ತ ಹಿಂದೆ ಹೋದವು. ಕೆರೆ ಇದ್ದಲ್ಲೇ ಇತ್ತು. ನೀರಿನ ಮೇಲೆ ಸಂಜೆಯ ಬಿಸಿಲು ಎಣ್ಣೆಯಂತೆ ಹರಡಿತ್ತು. ಧನರಾಜ ಕಲ್ಲುಬೆಂಚನ್ನು ಮೊದಲು ಕರವಸ್ತ್ರದಿಂದ ಒರೆಸಿದ, ಪಕ್ಕದ ಬೆಂಚನ್ನೂ ಒರೆಸಿದ, ಅಲ್ಲಿ ಕುಳಿತಿದ್ದವರು ಕಾಲೆತ್ತಿಕೊಂಡರು. ನಂತರ ಕುಳಿತ. ಯಾರೂ ಏನೂ ಕೇಳಲಿಲ್ಲ. ಹತ್ತು ನಿಮಿಷ ಹಾಗೆ ಯಾರೂ ಏನೂ ಕೇಳದಿದ್ದುದರಿಂದ ಅವನಿಗೆ ಒಂಥರಾ ಭಯವಾಯಿತು. ಆಮೇಲೆ ಗಾಳಿ ಬಂತು, ಕಣ್ಣು ಮುಚ್ಚಿತು. ಕೆರೆಯ ಮೇಲೆ ಸಾಲಾಗಿ ಟೇಬಲುಗಳು ತೇಲುತ್ತಿದ್ದವು, ಅಪ್ಪ ಬಿಳಿ ಅಂಗಿ ತೊಟ್ಟು ನೀರಿನ ಮೇಲೆ ನಡೆಯುತ್ತ ಒಂದೊಂದೇ ದೀಪ ಆರಿಸುತ್ತಿದ್ದರು, ಹೋಟೆಲ್ ಬಂದ್ ಮಗಾ, ನೀನೂ ಮಲಗು ಎನ್ನುತ್ತಿದ್ದರು. ಎರಡು ವರ್ಷಗಳಲ್ಲಿ ಅಂಥ ನಿದ್ದೆ ಅವನು ಮಾಡಿರಲಿಲ್ಲ.

ಗುರುಬಾಯಿಯ ಫೋನು ಎಬ್ಬಿಸಿದಾಗ ಏಳು ಗಂಟೆ. ಓಡಿ, ತೂರಿ, ನೇತಾಡಿ ಅವನು ಮನೆಯ ಮೆಟ್ಟಿಲು ಹತ್ತುವಾಗ ಎಂಟಾಗಿತ್ತು. ಗುರುಬಾಯಿ ಚಪ್ಪಲಿ ಮೆಟ್ಟಿಯೇ ನಿಂತಿದ್ದಳು. ಅವನನ್ನು ಕಂಡದ್ದೇ ಎದುರು ಮನೆಯ ಬಾಗಿಲೊಳಗೆ ಮಾಯವಾದಳು. ಹೊಸಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ ಕಾಂತಪ್ಪನವರು ಕುಳಿತಿದ್ದರು.

“ಧನರಾಜಾ, ನೀನೆಂತ ಇಲ್ಲಿ?”

ರಜೆ ಮುಗಿಯಿತು ಎಂದ. ಕಾಂತಪ್ಪನವರಿಗೆ ನಗು ಬಂತು. ಊರಿಗೆ ಹೋದವನಿಗೆ ರಜೆಯೆಂದರೆ ಮೂರು ತಿಂಗಳು. ಕಡಿಮೆಯ ರಜೆ ತಮ್ಮ ಹೋಟೆಲಿನಲ್ಲೇ ಇಲ್ಲ. ಮಧ್ಯದಲ್ಲಿ ಬಂದವನನ್ನು ಒಳಗೆ ಬಿಟ್ಟರೆ ಬದಲಿಯವರ ಹೊಟ್ಟೆಗೆ ಹೊಡೆದಂತೆ ಎಂದು ಕಾನೂನು ಹೇಳಿದರು. ಅವನು ಬೇಡಿಕೊಂಡ, ಅವರು ಅಲುಗಲಿಲ್ಲ. ರಾತ್ರಿಯ ಮಾತ್ರೆಯ ಹೊತ್ತಾಗಿತ್ತು, ಊಟವಾಗಿರಲಿಲ್ಲ, ಬಡಿಸುವ ಬದಲಿ ಕೇಕ್ ತಿನ್ನಲು ಹೋಗಿಯಾಗಿತ್ತು.

ಗದ್ದಲ ಕೇಳಿ ಮೇಲೆ ಬಂದ ಸಿದ್ದಲಿಂಗಪ್ಪನವರು ಒಂದು ಉಪಾಯ ಹೇಳಿದರು. ತಮ್ಮ ಚೌಕಳಿ ಅಂಗಿಯನ್ನೂ ಕೆಲಸದ ಟೊಪ್ಪಿಗೆಯನ್ನೂ ತಂದು ಧನರಾಜನಿಗೆ ತೊಡಿಸಿದರು. ಕಾಲು ಗಂಟೆ ಬಿಟ್ಟು ಬಾಗಿಲಲ್ಲಿ ಹೊಸಬನೊಬ್ಬ ನಿಂತ. ಹೆಸರು ಸಂತು ಎಂದ. ಮೇನೇಜರರು ಮೇಲಿಂದ ಕೆಳಗೆ ನೋಡಿ, ಅನುಭವ ಉಂಟೋ ಎಂದು ಕೇಳಿದರು. ಎರಡು ವರ್ಷ ಎಂದ.

“ಎಲ್ಲರೂ ಹಾಗೇ ಹೇಳುದು. ಇಲ್ಲಿ ಹೊಸಬರು ಮೊದಲು ಬಟ್ಟೆ ಹಿಡಿಯುದು,” ಎಂದು ಟೇಬಲ್ ತೋರಿಸಿದರು.

ಸಂತು ಟೇಬಲ್ ಒರೆಸಿದ, ಬಡಿಸಿದ, ಮಾತ್ರೆ ನುಂಗಿಸಿದ. ಸಪ್ಲಾಯರ್ ಆಗಿದ್ದವನು ಒಂದೇ ಸಂಜೆಯಲ್ಲಿ ಕ್ಲೀನರ್ ಆಗಿದ್ದ. ಹೋದ ಪದವಿಯಾದರೂ ವಾಪಸು ಬರಲಿ ಎಂದು, ಆ ಧನರಾಜನನ್ನೇ ಕಾಗದ ಬರೆದು ಕರೆಸಬಹುದಲ್ಲ ಎಂದು ಮೆಲ್ಲಗೆ ಕೇಳಿದ.

ಕಾಂತಪ್ಪನವರು ಊಟ ನಿಲ್ಲಿಸಿದರು.

“ಬೇಡ. ಅವ ಕರೆದರೆ ಓಡಿ ಬರ್ತಾನೆ, ಅಂಥ ಜನ. ಎರಡು ವರ್ಷದಲ್ಲಿ ಅವ ನಿದ್ದೆ ಮಾಡಿದ್ದು ನಾನು ನೋಡಲಿಲ್ಲ. ಮಲಗಲಿ ಪಾಪ.”

ಸಂತು ಮುಖ ತಿರುಗಿಸಿ, ಒರೆಸಿದ್ದ ಟೇಬಲನ್ನೇ ಮತ್ತೆ ಒರೆಸಿದ. ಕಣ್ಣಿಗೆ ಟೊಪ್ಪಿಗೆ ಅಡ್ಡವಿದ್ದುದು ಒಳ್ಳೆಯದಾಯಿತು. ಕಾಂತಪ್ಪನವರು ಕೈತೊಳೆದು ಬಂದು, ಹೊಸಬನನ್ನು ಹತ್ತಿರ ಕರೆದರು.

“ಮತ್ತೆ, ನಿನಗೆ ಮೊದಲೇ ಹೇಳಿಬಿಡ್ತೇನೆ. ಹೊಸಬರಿಗೆ ಎರಡು ವರ್ಷ ರಜೆ ಇಲ್ಲ.”