ಲ್ಹಾಸಾದ ಬಾಯಿ ತೊರೆದುಹೋದ ಅಕ್ಷರಗಳಿಗೆ

ಹಾಳೆಯ ಮೇಲೆ ಸಿಂಹಾಸನವೇರಿ, ನಾಲಿಗೆಯ ಮೇಲೆ ಸೊಲ್ಲೆತ್ತದೆ ಮೆರೆಯುವ ಮೌನಾಕ್ಷರ ಮಹಾಮಹಿಮರೇ, ಮಾನ್ಯರೇ!

ಲ್ಹಾಸಾ ಕಣಿವೆಯ ನಾಟಕ ಮೇಳದಲ್ಲಿ ಇಪ್ಪತ್ತೆರಡು ವರ್ಷ ಕಥೆ ಹೇಳಿ, ಮೊಸರು ಹಬ್ಬದ ಬಯಲಿನಲ್ಲಿ ಸಾವಿರ ಜನರ ಬಾಯಿಗೆ ಹೊರಟ ಚಮಚವನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿದ ಕಂಠದವನಾದ ಲ್ಹುಂಡುಪ್ ಎಂಬ ನಾನು, ತಮ್ಮ ಪಾದಗಳಿಗೆ ಬಿಳಿಯ ಖತಾ ವಸ್ತ್ರವನ್ನರ್ಪಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಮೇಳದ ಹಳೆಯ ಪ್ರತಿಯನ್ನು ಇಲಿಗಳು ತಿಂದವು. ತಪ್ಪಿಲ್ಲದ ಹೊಸ ಪ್ರತಿ ಬರೆದು ತಂದವರೇ ಈ ಹಬ್ಬದ ಕಥೆಗಾರರು ಎಂದು ಮೇಳದ ಒಡತಿ ಪೆಲ್ಕಿ ಸಾರಿಬಿಟ್ಟಳು. ಇಡೀ ನಾಟಕ ನನಗೆ ಬಾಯಿಪಾಠ. ಬಾಯಿ ಹೇಳಿತು, ಕೈ ಬರೆಯಿತು. ತಮ್ಮ ಔದಾರ್ಯ ಬೆಳಕಿಗೆ ಬಂದದ್ದು ಆಗಲೇ! 'ಸಾಧಿಸುವನು' ಎಂದರೂ 'ಸಾಧಿಸಿದನು' ಎಂದರೂ ನನ್ನ ಬಾಯಲ್ಲಿ ಒಂದೇ 'ಡುಪ್'; ಕಾಗದದ ಮೇಲೆ ಮಾತ್ರ ತಾವು ಮುಂದೊಬ್ಬರು, ಹಿಂದೊಬ್ಬರು ನಿಂತು, ಕೆಲಸ ಆಗಿದೆಯೋ ಆಗಬೇಕೋ ಎಂದು ತೀರ್ಪು ಕೊಡುತ್ತೀರಂತೆ. ಪರಿಣಾಮವಾಗಿ, ಕೊನೆಯ ಅಂಕದಲ್ಲಿ ಕಾರ್ಯ ಸಾಧಿಸಬೇಕಾದ ನನ್ನ ರಾಜಕುಮಾರ ಮೊದಲ ಪುಟದಲ್ಲೇ ಸಾಧಿಸಿ ಮುಗಿಸಿದ್ದ. "ಹಂಗಾದ್ರೆ ಜನ ಮೊಸರು ತಿಂದ್ಕೊಂಡು ಮನೆಗೆ ಹೋಗ್ಬೋದಲ್ಲ ಗೆನ್‌ಲಾ?" ಎಂದಳು ಪೆಲ್ಕಿ, 'ಗುರುಗಳೇ' ಎಂಬ ಮರ್ಯಾದೆಯನ್ನು ಮಾತ್ರ ಬಿಡದೆ; ತಿದ್ದಿ ತರಲು ಐದು ದಿನ ಕೊಟ್ಟಳು.

ಮೊನ್ನೆ ಮೊನ್ನೆ ದೂರದ ಆಮ್ದೋ ಹುಲ್ಲುಗಾವಲಿನಿಂದ ಮೇಳಕ್ಕೆ ಬಂದ ಯಾಕ್ ಕಾಯುವವನು, ತಮ್ಡಿನ್ ಕ್ಯಾಬ್, ಅವನ ಪ್ರತಿಯಲ್ಲಿ ಒಂದೂ ತಪ್ಪಿಲ್ಲ! ನಮ್ಮ ಬಾಯಿಂದ ಎಂದೋ ಗಂಟುಮೂಟೆ ಕಟ್ಟಿದ ತಾವು ಅವನ ಬಾಯಲ್ಲಿ ಇನ್ನೂ ಸಂಸಾರ ಹೂಡಿದ್ದೀರಿ. ಅವನು ಉಚ್ಚರಿಸಿದಂತೆ ಬರೆದರೆ ಸಾಕು, ಮುಕ್ಕಾಲುಪಾಲು ತಾವೇ ಬಂದು ಕೂರುತ್ತೀರಿ. "ಏನೋ, ಗಂಟಲಲ್ಲಿ ಯಾಕ್ ಮೂಳೆ ಸಿಗಾಕ್ಕೊಂಡಿದ್ಯಾ?" ಎಂದು ಅವನ ಮಾತನ್ನು ಆಡಿಕೊಂಡವನು ನಾನೇ. ಆ ಮೂಳೆ ತಾವೆಂದು ಯಾರು ಕಂಡಿದ್ದರು, ಮಹಾಸ್ವಾಮಿ?

ಆಹಾ, ದುಡಿಯದಿದ್ದರೂ ಪೀಠ ಬಿಡದ ತಮ್ಮ ನಿಷ್ಠೆಯೇ! ಆದಕಾರಣ ತಾವು ಹಬ್ಬದೊಳಗಾಗಿ ಸಪರಿವಾರ ನನ್ನ ಬಾಯಿಗೆ ಮರಳಬೇಕು. ದಿನಕ್ಕೆ ಮೂರು ಹೊತ್ತು ಬೆಣ್ಣೆ ಚಹಾ ಉಂಟು, ನಾಲ್ಕು ಹಲ್ಲು ಉದುರಿರುವುದರಿಂದ ಜಾಗಕ್ಕೂ ಕೊರತೆಯಿಲ್ಲ. ಬರಲಾಗದಿದ್ದರೆ ದಯಮಾಡಿ ಕಾಗದವನ್ನೂ ಖಾಲಿ ಮಾಡಿಕೊಡಿ.

ತಮ್ಮ ಸದ್ದಿಗಾಗಿ ಕಿವಿತೆರೆದು ಕಾದಿರುವ, ತಮ್ಮ ವಿಶ್ವಾಸಿ,
ಲ್ಹುಂಡುಪ್

ತಾ.ಕ.: ಈ ಪತ್ರದಲ್ಲಿ ತಾವೆಲ್ಲ ತಂತಮ್ಮ ಸ್ಥಾನದಲ್ಲಿ ಭದ್ರವಾಗಿದ್ದೀರಿ, ಏಕೆಂದರೆ ಹೇಳಿದವನು ನಾನು, ಬರೆದವನು ತಮ್ಡಿನ್ ಕ್ಯಾಬ್. "ಬರ್ಕೊಡ್ತೀನಿ ಗೆನ್‌ಲಾ, ಆದ್ರೆ ನೀವು ಪ್ರತಿ ತಿದ್ದೋದು ಬಿಡಿ, ಹಬ್ಬದ ದಿನ ಕಥೆ ನಾನು ಹೇಳ್ತೀನಿ. ನೀವು ಪಕ್ಕದಲ್ಲಿ ಕೂತಿರಿ, ಶೋಭೆಗೆ" ಎಂದ. ಒಪ್ಪಿದೆ. ಹೀಗಾಗಿ ಈ ವರ್ಷ ನಾನೂ ತಮ್ಮ ಕುಲದವನೇ: ಸಾಲಿನಲ್ಲಿ ಜಾಗ ಉಂಟು, ಸದ್ದಿಲ್ಲ.