ದಪ್ಪ ತಂತಿಯ ಗರ್ರು

ಹಾಡುತ್ತಿದ್ದ ಸ್ಟೆಲ್ಲಾ ತಲೆ ತಿರುಗಿಸಿ ನೋಡಿದ್ದೇ ಜೆರಾಲ್ಡನ ಪೇಚಾಟಕ್ಕೆಲ್ಲ ಮೂಲ.

ದಾಂಡೇಲಿಯ ಆ ಸಣ್ಣ ಚರ್ಚಿನಲ್ಲಿ ಹಾಡುವವರ ಹಿಂದೆ, ಕಂಬದ ಮರೆಯಲ್ಲಿ ನಿಂತು ಅವನು ಬೇಸ್ ಗಿಟಾರ್ ಬಾರಿಸತೊಡಗಿ ವರ್ಷಗಳೇ ಆಗಿದ್ದವು. ಬೇಸ್ ಬಾರಿಸುವವನ ಹಣೆಬರಹವೇ ಅಷ್ಟು. ಹಾಡಿದವರನ್ನು ಹೊಗಳುತ್ತಾರೆ, ಕೀಬೋರ್ಡಿನವನ ಬೆನ್ನು ತಟ್ಟುತ್ತಾರೆ, ಇವನನ್ನು ಕುರ್ಚಿ ಎತ್ತಿಡಲು ಕರೆಯುತ್ತಾರೆ. ಚಳಿ ಬಿದ್ದಾಗಿನಿಂದ ಗಿಟಾರಿನ ದಪ್ಪ ತಂತಿ ಗರ್ರೆನ್ನುತ್ತಿತ್ತು. ಕಳೆದ ಭಾನುವಾರ ಅದು ಗರ್ರೆಂದಾಗಲೇ ದವಾಖಾನೆಯ ನರ್ಸ್ ಸ್ಟೆಲ್ಲಾ ಹಿಂತಿರುಗಿ ನೋಡಿದ್ದಳು. ಜೆರಾಲ್ಡನಿಗೆ ನಾಚಿಕೆಯಿಂದ ಜೀವ ಹಿಡಿಯಷ್ಟಾಯಿತು. ಇವತ್ತು ಸಂಜೆ ಕ್ರಿಸ್‌ಮಸ್ಸಿನ ಕೊನೆಯ ತಾಲೀಮು. ಅಷ್ಟರೊಳಗೆ ತಂತಿ ಸರಿಯಾಗಬೇಕು, ಸ್ಟೆಲ್ಲಾ ಒಂದೇ ಒಂದು ಸಲ ಚೆನ್ನಾಗಿತ್ತು ಅನ್ನಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ರೋಗ ಅವನಿಗೆ ಗೊತ್ತಿತ್ತು. ಮಳೆಗಾಲದಲ್ಲಿ ಗಿಟಾರಿನ ಕತ್ತು ಮುಂದಕ್ಕೆ ಬಾಗಿತೆಂದು ಒಳಗಿನ ಸರಳನ್ನು ಅವನೇ ಬಿಗಿದಿದ್ದ. ಈಗ ಮರ ಒಣಗಿ ಕತ್ತು ಹಿಂದಕ್ಕೆ ಸರಿದಿತ್ತು, ತಂತಿ ಕತ್ತಿನ ಮೇಲಿನ ಲೋಹದ ಪಟ್ಟಿಗಳಿಗೆ ಉಜ್ಜುತ್ತಿತ್ತು. ಸರಳನ್ನು ಕೊಂಚ ಸಡಿಲಿಸಿ, ತಂತಿಯ ಬುಡದ ತಿರುಪು ಏರಿಸಿದರೆ ಮುಗಿಯಿತು. ಆದರೆ ಬೆಳಕಿಗೆಂದು ಅವನು ಖೋಲಿಯ ಬಾಗಿಲು ತೆರೆದಿಟ್ಟು ಕೂತ.

ಮೊದಲು ಬಂದವರು ಪಕ್ಕದ ಮನೆಯ ಚನಬಸಪ್ಪ, ಟಿಂಬರ್ ಡಿಪೋದಲ್ಲಿ ಮರ ಆರಿಸಿ ಆರಿಸಿ ನಿವೃತ್ತರಾದವರು. ಗಿಟಾರನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ತೇಗದ ದಿಮ್ಮಿ ನೋಡಿದಂತೆ ನೋಡಿದರು.

"ಬಾಗೇತಿ. ಹಲಗಿ ಬಾಗಿದ್ರ ನಾವು ತೂಕಾ ಹೇರತಿದ್ವಿ. ಇದಕ್ಕೂ ಅದಽ ಮದ್ದು."

ಜೆರಾಲ್ಡ್ ಬೇಡವೆನ್ನುವಷ್ಟರಲ್ಲಿ ಗಿಟಾರು ಎರಡು ಇಟ್ಟಿಗೆಯ ಮೇಲೆ ಮಲಗಿತ್ತು, ಎದೆಯ ಮೇಲೆ ರುಬ್ಬುವ ಗುಂಡು ಕೂತಿತ್ತು. ಗುಂಡು ಹುಡುಕುತ್ತ ಬಂದ ಅವರ ಹೆಂಡತಿ ಶಿವವ್ವ ಗಂಡನನ್ನು ಬೈದು, ತಂತಿಗಳು ಒಣಗಿವೆಯೆಂದು ಮರುಗಿ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಉದ್ದಕ್ಕೂ ಸವರಿದರು. ಆ ಗಲಾಟೆಗೆ ಎದುರು ಮನೆಯ ಅಂತೋನಿ ಬಂದ. ಅವನು ಜೆರಾಲ್ಡನ ಊರಿನವನೇ, ಡಮಾಮಿ ಎಂಬ ಚರ್ಮದ ಡೋಲು ಬಾರಿಸುವುದರಲ್ಲಿ ಎತ್ತಿದ ಕೈ. ಡಮಾಮಿಯನ್ನು ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡದೆ ಯಾರೂ ಮುಟ್ಟುವುದಿಲ್ಲ. ಅವನು ಅಂಗಳದಲ್ಲಿ ಕಟ್ಟಿಗೆ ಹೊತ್ತಿಸಿಯೇಬಿಟ್ಟ.

"ಇದಕ್ಕ ಚರ್ಮ ಇಲ್ಲೋ ಅಣ್ಣಾ, ಮರ ಐತಿ," ಎಂದ ಜೆರಾಲ್ಡ್.

"ಸಪ್ಪಳಾ ಮಾಡೂ ಸಾಮಾನು ಯಾವುದಾದ್ರೂ ಮೊದಲ ಬೆಂಕಿ ಕಾಣಬೇಕು ನೋಡಪ," ಎಂದು ಅಂತೋನಿ ಗಿಟಾರನ್ನು ಹಪ್ಪಳದಂತೆ ಮಗುಚಿ ಮಗುಚಿ ಕಾಯಿಸಿದ. ಬಣ್ಣದ ಮೇಲೆ ಗುಳ್ಳೆ ಎದ್ದವು. ಗರ್ರು ಈಗ ಉಳಿದ ತಂತಿಗಳಿಗೂ ಹಬ್ಬಿತು.

ಜೆರಾಲ್ಡನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಿಲ್ಲಿನ ಶಿಫ್ಟು ಮುಗಿಸಿ ಬಂದರೆ ಮಾತಿಗೊಂದು ಜೀವ ಇಲ್ಲದ ಖೋಲಿ ಅದು. ಇದ್ದದ್ದು ಒಂದೇ ಲೋಟ. ಶಿವವ್ವ ತಮ್ಮ ಮನೆಯಿಂದ ಲೋಟ ತಂದು ಎಲ್ಲರಿಗೂ ಚಹಾ ಕೊಟ್ಟಾಗ, ಗಿಟಾರು ದಿನಾಲೂ ಕೆಟ್ಟರೂ ಚಿಂತೆಯಿಲ್ಲ ಅನ್ನಿಸಿತು ಅವನಿಗೆ. ಆದರೆ ಸಂಜೆ ಸ್ಟೆಲ್ಲಾ ಇದ್ದಳಲ್ಲ. ಎಣ್ಣೆ ಒರೆಸಿದ, ಸರಳು ಸಡಿಲಿಸಿದ, ಒಂದೊಂದೇ ತಿರುಪು ಏರಿಸಿ ಒಂದೊಂದೇ ಪಟ್ಟಿ ಒತ್ತಿ ನೋಡಿದ. ಕೊನೆಗೆ ದಪ್ಪ ತಂತಿ ಬೆಣ್ಣೆಯಂತೆ ನುಡಿಯಿತು. ಸರಿಹೋದದ್ದೇ ನೋಡುವುದೇನೂ ಉಳಿಯದೆ ಎಲ್ಲರೂ ಎದ್ದು ಹೋದರು.

ತಾಲೀಮಿನಲ್ಲಿ ಜೆರಾಲ್ಡ್ ಹಿಂದೆಂದೂ ಬಾರಿಸದ ಹಾಗೆ ಬಾರಿಸಿದ. ಒಂದು ಸ್ವರವೂ ಒಡೆಯಲಿಲ್ಲ. ಮುಗಿದದ್ದೇ ಸ್ಟೆಲ್ಲಾ ನೇರವಾಗಿ ಕಂಬದ ಬಳಿಗೆ ಬಂದಳು.

"ಇವತ್ತ್ಯಾಕ ಬಾರಿಸಲಿಲ್ರಿ?" ಎಂದಳು. "ದಿನಾ ಆ ಗರ್ ಅನ್ನೂದು ಕೇಳಿ ನಾ ಹಾಡು ಎತ್ಕೋತಿದ್ದೆ. ಇವತ್ತ ಕೇಳಲಿಲ್ಲ, ಎರಡು ಸಲ ತಪ್ಪಿದೆ. ಕೈ ನೋವೇನು?"

ಬಾರಿಸಿದ್ದೆ ಎನ್ನಲು ಬಾಯಿ ಬರಲಿಲ್ಲ. "ಹೌದ್ರಿ, ಸ್ವಲ್ಪ ನೋಯ್ತೈತಿ," ಅಂದುಬಿಟ್ಟ.

ಸ್ಟೆಲ್ಲಾ ಅವನ ಕೈ ಹಿಡಿದು ಮಣಿಕಟ್ಟು ಒತ್ತಿ ನೋಡಿದಳು. ಯಾರಾದರೂ ಅವನ ಕೈ ಹಿಡಿದು ಎಷ್ಟು ಕಾಲವಾಗಿತ್ತೋ. ಅವನ ಮುಖ ಹೇಗೋ ಆಯಿತು. ನೋವು ಭಾಳ ಐತಿ ಎಂದುಕೊಂಡು ಅವಳು ತನ್ನ ಕರವಸ್ತ್ರವನ್ನೇ ಬಿಗಿಯಾಗಿ ಕಟ್ಟಿ, ಹಾಡಿನ ಗುಂಪಿನ ಹಿರಿಯರನ್ನು ಕರೆದು ಹೇಳಿದಳು:

"ಇವರಿಗೆ ಹಬ್ಬ ಮುಗಿಯೂತನಾ ಗಿಟಾರ್ ಮುಟ್ಟಿಸಬ್ಯಾಡ್ರಿ."

ಹಿರಿಯರು ಕನಿಕರದಿಂದ ತಲೆಯಾಡಿಸಿದರು. ಇದೇ ಮೊದಲ ಸಲ ಅವನಿಗೆ ಕುರ್ಚಿ ಎತ್ತಿಡುವುದನ್ನೂ ಮಾಫಿ ಮಾಡಿದರು. ಜೆರಾಲ್ಡ್ ಒಂದೇ ಕೈಯಲ್ಲಿ ಗಿಟಾರು ಹೊತ್ತು ಖೋಲಿಗೆ ಬಂದ. ಒಮ್ಮೆ ನುಡಿಸೋಣವೆಂದರೆ ಕೈ ನೋವಿನವನು ಬಾರಿಸುತ್ತಾನೆಂದು ಓಣಿಯೆಲ್ಲ ಸುದ್ದಿಯಾಗುತ್ತದೆ. ಗಿಟಾರನ್ನು ಗೋಡೆಗೆ ಒರಗಿಸಿ, ಕರವಸ್ತ್ರ ಸಡಿಲವಾಗದಂತೆ ಕೈಯನ್ನು ಎದೆಗಿಟ್ಟುಕೊಂಡು ಕೂತ.