ಸೋಮವಾರ ಯಾರೂ ತಪ್ಪಿಸಬಾರದು!

ನೂರ ಎಂಬತ್ತಾರು ಮನೆಗೆ ಒಂದು ಸುದ್ದಿ ಮುಟ್ಟಿಸುವುದೂ ಒಂದು ಕೆಲಸವೇ? ಮೊಬೈಲು ಎಂಬ ಪದಾರ್ಥವೇ ಇಲ್ಲದ ಕಾಲದಲ್ಲಿ ರಾಜಾನುಕುಂಟೆ ಸುತ್ತಮುತ್ತಲಿಂದ ನಲವತ್ತು ಲಾರಿ ಜನ ಎಬ್ಬಿಸಿಕೊಂಡು ಹೋಗಿ ವಿಧಾನಸೌಧದ ಮುಂದೆ ಕೂರಿಸಿದವನು ನಾನು. ಲಾಠಿ ತಿಂದಿದ್ದೇನೆ. ಜೈಲಿನ ಮುದ್ದೆ ತಿಂದಿದ್ದೇನೆ. ಮುದ್ದೆ ಗಟ್ಟಿ ಎಂದು ಜೈಲಿನೊಳಗೇ ಇನ್ನೊಂದು ಧರಣಿ ಕೂತಿದ್ದೇನೆ! ಅಂಥ ಮುನಿಕೃಷ್ಣಪ್ಪನಿಗೆ ಹೈಸ್ಕೂಲಿನ ಒಂದು ನೋಟೀಸು ಯಾವ ಲೆಕ್ಕ?

ಹೀಗೆಂದು ನಾನು ಮೀಸೆ ತಿರುವಿದ್ದು ಕಳೆದ ಜನವರಿಯಲ್ಲಿ, ನಮ್ಮೂರ ಸರ್ಕಾರಿ ಪ್ರೌಢಶಾಲೆಯ ಹೆಡ್ ಮೇಡಂ ಶಾಂತಲಾ ಅವರ ಕೋಣೆಯಲ್ಲಿ. ನಾನು ಶಾಲಾಭಿವೃದ್ಧಿ ಸಮಿತಿಯ ಸದಸ್ಯ. ಸಮಿತಿಯಲ್ಲಿ ಒಟ್ಟು ಒಂಬತ್ತು ಜನ. ಟೀ ಬಿಸ್ಕತ್ತು ಮುಗಿಯುವ ತನಕ ಒಂಬತ್ತು. ಮುಗಿದ ಮೇಲೆ ನಾನೊಬ್ಬನೇ.

ಮೇಡಂ ತಲೆ ಮೇಲೆ ಕೈ ಹೊತ್ತು ಕೂತಿದ್ದರು.

"ಚೀಟಿ ಕೊಟ್ಟು ಕಳಿಸಿದ್ರೆ ಮಕ್ಕಳು ರಾಕೆಟ್ ಮಾಡಿ ಬಿಡ್ತಾರೆ. ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರೆ ಏನಾಗುತ್ತೆ, ನೀವೇ ನೋಡಿ" ಎಂದು ಫೋನು ನನ್ನ ಕೈಗಿಟ್ಟರು.

ನೋಡಿದೆ. ಮೂರು ಗುಲಾಬಿ ಹೂವು, ಶುಭೋದಯ. ಎರಡು ದೀಪ, ಶುಭ ಗುರುವಾರ. ಮೂವತ್ತು ನಲವತ್ತರ ಸೈಟು ಮಾರಾಟಕ್ಕಿದೆ, ಪೂರ್ವ ದಿಕ್ಕು. ಅದರ ಕೆಳಗೆ, ಗುಡ್ಡ ಕುಸಿದು ಮುಚ್ಚಿಹೋದ ಮನೆಯಂತೆ, ಶಾಲೆಯ ನೋಟೀಸು: ಹತ್ತನೇ ತರಗತಿಯ ಮಕ್ಕಳಿಗೆ ಶೇಕಡಾ ಎಪ್ಪತ್ತೈದು ಹಾಜರಾತಿ ಕಡ್ಡಾಯ, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ. ಇದಕ್ಕೆ ಹದಿನಾರು ಜನ ಕೈ ಮುಗಿದಿದ್ದರು. ಒಬ್ಬ ಪುಣ್ಯಾತ್ಮ "ಹ್ಯಾಪಿ ಬರ್ತ್‌ಡೇ" ಎಂದು ಹಾರೈಸಿದ್ದ. ಇನ್ನೊಬ್ಬ "ಕಾರ್ನರ್ ಸೈಟಾ?" ಎಂದು ಕೇಳಿದ್ದ.

"ಬೇರೆ ಮಕ್ಕಳದ್ದು ಹೆಂಗೋ ನಡೆಯುತ್ತೆ ಮುನಿಕೃಷ್ಣಪ್ಪನೋರೆ. ನನಗೆ ಚಿಂತೆ ಇರೋದು ಅಫ್ರೀನ್‌ದು" ಎಂದರು ಮೇಡಂ.

ಅಫ್ರೀನ್ ಯಾರೆಂದು ನನಗೆ ಗೊತ್ತು. ಕೆರೆ ಹಿಂದಿನ ಓಣಿಯ ನೂರೀನಳ ಒಬ್ಬಳೇ ಮಗಳು. ನೂರೀನ್ ಗಾರ್ಮೆಂಟ್ಸ್ ಬಸ್ಸಿನಿಂದ ಇಳಿಯುವಾಗ ಬಿದ್ದು ಕಾಲು ಮುರಿದುಕೊಂಡಿದ್ದಳು. ಎರಡು ತಿಂಗಳು ಆ ಮನೆಯ ಅಡುಗೆ, ನೀರು, ಔಷಧಿ ಎಲ್ಲವನ್ನೂ ಹೊತ್ತಿದ್ದು ಈ ಹುಡುಗಿ. ಶಾಲೆ ತಪ್ಪಿಸಿದರೂ ಕ್ಲಾಸಿಗೆ ಫಸ್ಟ್.

"ಲೆಕ್ಕ ಹಾಕಿದ್ದೀನಿ. ಇನ್ನು ಒಂದೇ ಒಂದು ದಿನ ತಪ್ಪಿಸಿದ್ರೂ ಎಪ್ಪತ್ತೈದರ ಕೆಳಗೆ ಹೋಗ್ತಾಳೆ. ಹಾಲ್ ಟಿಕೆಟ್ ಬರಲ್ಲ. ನಾನು ಫೋನ್ ಮಾಡಿದ್ರೆ ಅವಳೇ ಎತ್ತಿ 'ಅಮ್ಮಿ ಮಲಗಿದಾರೆ ಮಿಸ್' ಅಂತಾಳೆ. ತನ್ನಿಂದ ಮಗಳ ಓದು ಹಾಳಾಯ್ತು ಅಂತ ಅವರಮ್ಮ ಅಳ್ತಾರೇನೋ ಅಂತ ಇವಳಿಗೆ ಭಯ. ನೀವು ದೊಡ್ಡೋರು, ಸೋಮವಾರದೊಳಗೆ ಅವರ ಮನೆಗೆ ಹೋಗಿ ಅವರಮ್ಮನಿಗೆ ಒಂದು ಮಾತು ಹೇಳಿಬಿಡಿ. ಅಷ್ಟೇ ಸಾಕು."

ಒಂದು ಮನೆ! ಒಂದು ಮಾತು! ಸೇನಾಪತಿಯನ್ನು ಕರೆದು ಸೊಳ್ಳೆ ಹೊಡಿ ಎಂದಂತಾಯಿತು ನನಗೆ.

"ಮೇಡಂ, ಒಂದು ಮನೆಗೆ ಯಾಕೆ? ಇಡೀ ಊರಿಗೇ ಮುಟ್ಟಿಸ್ತೀನಿ. ಸೋಮವಾರ ಬೆಳಿಗ್ಗೆ ಗೇಟ್ ಹತ್ರ ನಿಂತು ನೋಡ್ತಾ ಇರಿ!" ಎಂದು ಎದ್ದುಬಂದೆ.

ಮನೆಯಲ್ಲಿ ನನ್ನ ಹೆಂಡತಿ ಪಟಾಲಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಯೋಜನೆ ವಿವರಿಸಿದೆ. ಬಾಲರಾಜುವಿನ ಲಗೇಜ್ ಆಟೋ, ಅದರ ಮೇಲೆ ಎರಡು ಕೊಳವೆ ಮೈಕು, ಒಳಗೆ ನಾನು.

"ಓಗಿ ಬಾಗ್ಲು ತಟ್ಟಿ ಏಳ್ಬಿಟ್ ಬರೋ ವಿಷ್ಯಕ್ಕೆ ಆಟೋ ಯಾಕ್ರೀ?"

"ನಿನಗೆ ಜನರನ್ನ ಸಂಘಟನೆ ಮಾಡೋದು ಅಂದ್ರೆ ಏನೂಂತ ಅರ್ಥ ಆಗಲ್ಲ ಕಣೇ."

"ಅರ್ಥ ಆಗ್ದೇನಾ ಮೂರ್ ಸಲ ಜಾಮೀನು ಕೊಡ್ಸಿ ನಿಮ್ಮನ್ನ ಮನೆಗ್ ಕರ್ಕೊಂಬಂದಿದ್ದು?"

ಇತಿಹಾಸದಲ್ಲಿ ಮಹಾಕಾರ್ಯಗಳೆಲ್ಲ ಅಡುಗೆಮನೆಯ ವಿರೋಧದ ನಡುವೆಯೇ ನಡೆದಿವೆ. ನಾನು ಹೊರಟೆ.

ಶನಿವಾರ ಮಧ್ಯಾಹ್ನ. ಹೆಗಲ ಮೇಲೆ ಹಳೆಯ ಶಾಲು. ಇಪ್ಪತ್ತೈದು ವರ್ಷದಿಂದ ನನ್ನ ಎಲ್ಲ ಹೋರಾಟಗಳ ಸಾರಥಿಯಾದ ಬಾಲರಾಜು ಆಟೋ ಒದ್ದು ಎಬ್ಬಿಸಿದ. ಮೈಕಿನಲ್ಲಿ ಕೆಮ್ಮಿದೆ. ಆ ಒಂದು ಕೆಮ್ಮಿಗೇ ಅರಳಿಕಟ್ಟೆಯ ಕಾಗೆಗಳೆಲ್ಲ ಎದ್ದು ಯಲಹಂಕದ ಕಡೆ ಹಾರಿದವು. ಆಹಾ, ಧ್ವನಿ ಇನ್ನೂ ಇದೆ ಎನಿಸಿತು!

"ಬಂಧುಗಳೇ! ತಾಯಂದಿರೇ! ಬರುವ ಸೋಮವಾರ! ಮರೆಯಬೇಡಿ ಸೋಮವಾರ! ಸೋಮವಾರದಿಂದ ನಮ್ಮ ಹೈಸ್ಕೂಲಿನ ಒಂದೇ ಒಂದು ಮಗುವೂ ಗೈರುಹಾಜರಾಗಬಾರದು! ಎಪ್ಪತ್ತೈದು ಪರ್ಸೆಂಟ್ ಹಾಜರಾತಿ ಇಲ್ಲದಿದ್ದರೆ ಹತ್ತನೇ ಕ್ಲಾಸಿನ ಪರೀಕ್ಷೆ ಇಲ್ಲ! ಇದು ಕಾನೂನು! ಫೆಬ್ರವರಿ ಮೊದಲ ಶನಿವಾರ ಪೋಷಕರ ಸಭೆ! ಬಿಸಿಯೂಟದ ಮೊಟ್ಟೆ ವಿಚಾರವನ್ನೂ ಅಲ್ಲೇ ಮಾತಾಡೋಣ!"

ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವೇ? ಹೇಳಿ ಸ್ವಾಮಿ!

ಜನರ ಸ್ಪಂದನೆ ನೋಡಿ ನನ್ನೆದೆ ಉಬ್ಬಿತು. ಆಟೋ ಕಂಡೊಡನೆ ಗಂಡಸರು ಎದ್ದು ನಿಂತರು. ಹೆಂಗಸರು ಚೀಲ ಹಿಡಿದು ಅಂಗಡಿಗೆ ಓಡಿದರು. ಇಷ್ಟು ಚಟುವಟಿಕೆಯನ್ನು ನಮ್ಮೂರು ಚುನಾವಣೆಯಲ್ಲೂ ಕಂಡಿರಲಿಲ್ಲ. ದಿನಸಿ ಅಂಗಡಿಯ ಚನ್ನು ಹೊರಗೆ ಬಂದು ಕೂಗಿ ಕೇಳಿದ:

"ಅಣ್ಣಾ, ಎಷ್ಟೊತ್ತಿಂದ ಎಷ್ಟೊತ್ತು?"

"ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕೂವರೆ! ಯಾರೂ ತಪ್ಪಿಸೋ ಹಂಗಿಲ್ಲ!"

"ಸರಿ ಅಣ್ಣಾ, ನಿಮ್ಮ ಮಾತು ಮೀರಲ್ಲ" ಎಂದು ಕೈ ಮುಗಿದು ಒಳಗೆ ಹೋದ. ಹೈಸ್ಕೂಲಿನಲ್ಲಿ ಓದುವ ಮಕ್ಕಳೇ ಇಲ್ಲದ ಚನ್ನುವಿಗೂ ಶಿಕ್ಷಣದ ಬಗ್ಗೆ ಎಂಥ ಕಾಳಜಿ ಎಂದು ನಾನೂ ಅವನ ಅಂಗಡಿಯ ಕಡೆ ಕೈ ಮುಗಿದೆ.

ಕೊನೆಗೆ ಕೆರೆ ಹಿಂದಿನ ಓಣಿ. ಆಟೋ ಒಳಗೆ ಹೋಗುವುದಿಲ್ಲ. ಇಳಿದು ಐವತ್ತು ಹೆಜ್ಜೆ ನಡೆದರೆ ನೂರೀನಳ ಬಾಗಿಲು. ಆದರೆ ಮೈಕು ಹಿಡಿದವನು ಇಳಿದು ನಡೆಯುವುದುಂಟೇ? ಎರಡೂ ಕೊಳವೆಗಳನ್ನು ಓಣಿಯ ಕಡೆ ತಿರುಗಿಸಿ ಐದು ನಿಮಿಷ ಗುಡುಗಿದೆ. ಒಂದು ಮೇಕೆ ಹಗ್ಗ ಕಿತ್ತುಕೊಂಡು ಓಡಿತು. ಕೆಲಸ ಮುಗಿಯಿತೆಂದು ಮನೆಗೆ ಬಂದು ಅವರೆಕಾಳು ಸಾರಿನಲ್ಲಿ ಎರಡು ಮುದ್ದೆ ಉಂಡು ಮಲಗಿದೆ.

ಸೋಮವಾರ ಒಂಬತ್ತಕ್ಕೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶಾಲೆಯ ಗೇಟಿನ ಮುಂದೆ ನಿಂತೆ. ನುಗ್ಗಿ ಬರುವ ಮಕ್ಕಳ ದಂಡಿಗೆ ಕೈ ಬೀಸಲು ಬಲಗೈ ಸಿದ್ಧವಿತ್ತು.

ದಂಡು ಬರಲಿಲ್ಲ. ಒಂದು ಮಗುವೂ ಬರಲಿಲ್ಲ. ಮಗು ಇರಲಿ, ರಸ್ತೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ! ಚನ್ನುವಿನ ಅಂಗಡಿ ಮುಚ್ಚಿತ್ತು. ಹೋಟೆಲು ಮುಚ್ಚಿತ್ತು. ಸಲೂನು ಮುಚ್ಚಿತ್ತು. ಟೀ ಅಂಗಡಿಯ ರತ್ನಕ್ಕ ಮಾತ್ರ ಶಟರನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಕೆಳಗಿನಿಂದ ಲೋಟ ತಳ್ಳುತ್ತಿದ್ದಳು.

"ಏನ್ ರತ್ನಕ್ಕಾ ಇದು?" ಎಂದು ಬಗ್ಗಿ ಕೇಳಿದೆ.

ಶಟರಿನ ಕೆಳಗಿನಿಂದ ರತ್ನಕ್ಕನ ಮುಖ ಬಂತು. "ತಪ್ಪಾಯ್ತು ಕಣಣ್ಣೋ, ಎರಡೇ ಎರಡು ಟೀ ಕೊಟ್ಟಿದ್ದು. ಒಂಬತ್ತೂವರೆಗೆ ಪೂರ್ತಿ ಆಕ್ಬಿಡ್ತೀನಿ. ಬಂದ್ ಯಾತಕ್ಕಣ್ಣಾ ಈ ಸಲ? ನೀರಿಗಾ, ಕರೆಂಟಿಗಾ?"

"ಬಂದಾ? ಯಾರಮ್ಮ ಹೇಳಿದ್ದು ಬಂದ್ ಅಂತ? ಮಕ್ಕಳನ್ನ ಸ್ಕೂಲಿಗೆ ಕಳಿಸಿ ಅಂತ ಎರಡು ಗಂಟೆ ಬಡ್ಕೊಂಡಿದ್ದೀನಲ್ಲ!"

"ನೀನ್ ಮಾತಾಡೋದನ್ನ ಯಾರಣ್ಣ ಕೇಳ್ತಾರೆ? ಶಾಲು ಆಕ್ಕೊಂಡು ಆಟೋ ಮೇಲೆ ನೀನ್ ಬಂದೆ ಅಂದ್ರೇನೇ ಬಂದ್ ಅಂತ. ಆಟೋ ಕಾಣಿಸಿದ್ರೆ ಸಾಕು, ಎರಡು ದಿನದ ಆಲು ತಂದು ಇಟ್ಕೊಂಡು, ಕಿಟಕಿ ಆಕ್ಕೊಂಡು, ಐಕ್ಳನ್ನ ಮನೇಲೇ ಇಟ್ಕೋತೀವಿ. ಮೂವತ್ತು ವರ್ಷದಿಂದ ಇಂಗೇ ತಾನೆ?"

ಅಷ್ಟರಲ್ಲಿ ಫೋನು. ಪೊಲೀಸ್ ಇನ್ಸ್‌ಪೆಕ್ಟರು.

"ಏನ್ರೀ ಮುನಿಕೃಷ್ಣಪ್ಪ, ಪರ್ಮಿಷನ್ ಇಲ್ದೆ ಬಂದ್ ಮಾಡಿಸಿದ್ದೀರಿ. ಡಿಮ್ಯಾಂಡ್ ಏನು?"

"ಡಿಮ್ಯಾಂಡು... ಮಕ್ಕಳು ಸ್ಕೂಲಿಗೆ ಬರ್ಬೇಕು ಅಂತ ಸಾರ್."

"ಯಾರು ಕಳಿಸ್ಬೇಕು?"

"ಅವರ ಅಪ್ಪ ಅಮ್ಮಂದಿರು ಸಾರ್."

"ಅದಕ್ಕೆ ಸ್ಕೂಲೇ ಮುಚ್ಚಿಸಿದ್ದೀರಾ?" ಎಂದರು. "ಆಯ್ತು, ಶಾಂತಿಯುತವಾಗಿ ಇರ್ಲಿ" ಎಂದು ಇಟ್ಟರು.

ಮನೆಗೆ ಫೋನು ಹಚ್ಚಿದೆ. ಒಂಬತ್ತನೇ ಕ್ಲಾಸಿನ ನನ್ನ ಸ್ವಂತ ಮೊಮ್ಮಗಳು ಸುಮಾ ಎಲ್ಲಿ ಎಂದೆ. "ಮಲಗವ್ಳೆ. ತಾತ ಬಂದ್ ಮಾಡವ್ರೆ, ನಾನ್ ಸ್ಕೂಲ್‌ಗ್ ಓದ್ರೆ ತಾತನ್ ಮರ್ಯಾದೆ ಏನಾಗ್ಬೇಕು ಅಂತವ್ಳೆ" ಎಂದಳು ಪಟಾಲಮ್ಮ.

ಸುಳ್ಳು ಹೇಳಲಾರೆ. ಅಷ್ಟು ಗಾಬರಿಯಲ್ಲೂ ಒಳಗೊಳಗೇ ಒಂದು ಹೆಮ್ಮೆ ಹೆಡೆ ಎತ್ತಿತು. ಒಂದು ಕಲ್ಲು ತೂರದೆ, ಒಂದು ಟೈರು ಸುಡದೆ, ಒಂದೇ ಒಂದು ಪಕ್ಷದ ಬೆಂಬಲವಿಲ್ಲದೆ ಇಂಥ ಸಂಪೂರ್ಣ ಬಂದ್! ಔಷಧಿ ಅಂಗಡಿಯವನೂ ಮುಚ್ಚಿದ್ದಾನೆ! ಈ ವಯಸ್ಸಿನಲ್ಲಿ ಯಾವನಿಗೆ ಸಾಧ್ಯ?

"ಮುನಿಕೃಷ್ಣಪ್ಪನೋರೆ" ಎಂಬ ಧ್ವನಿ ಬಂತು. ಗೇಟಿನೊಳಗೆ ಶಾಂತಲಾ ಮೇಡಂ ಹಾಜರಿ ಪುಸ್ತಕ ಎದೆಗೆ ಅವುಚಿಕೊಂಡು ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇವತ್ತು ಕೆಲಸದ ದಿನ. ಹತ್ತು ಗಂಟೆಗೆ ಹಾಜರಿ ಆನ್‌ಲೈನ್ ಹಾಕಲೇಬೇಕು. ಬೇರೆಯವರಿಗೆ ಒಂದು ದಿನ ಹೋದ್ರೆ ಹೋಗುತ್ತೆ. ಅಫ್ರೀನ್?"

ಹೆಮ್ಮೆಯ ಹೆಡೆ ಬುಟ್ಟಿಯೊಳಕ್ಕೆ ಹೋಯಿತು. ಒಂಬತ್ತೂಕಾಲು! ಬಾಲರಾಜುವಿಗೆ ಫೋನು ಮಾಡಿ ಆಟೋ ತಾರೋ ಎಂದು ಕಿರುಚಿದೆ.

"ಬಂದ್ ದಿನ ಗಾಡಿ ತೆಗೀಬಾರ್ದು ಅಂತ ನೀವೇ ತಾನೇ ಅಣ್ಣಾ ಕಲಿಸಿದ್ದು?"

"ಲೋ, ನನ್ನ ಪಕ್ಕದಲ್ಲೇ ಕೂತಿದ್ಯಲ್ಲೋ! ನಾನು ಹೇಳಿದ್ದು ನೀನೂ ಕೇಳಿಸಿಕೊಳ್ಲಿಲ್ವಾ?"

"ಎರಡು ಮೈಕಿನ ಕೆಳಗೆ ಕೂರೋನು ನಾನು. ಇಪ್ಪತ್ತೈದು ವರ್ಷದಿಂದ ಕಿವಿಗೆ ಹತ್ತಿ ಇಟ್ಕೊಂಡೇ ಓಡ್ಸೋದು ಅಣ್ಣಾ."

ಕೆರೆ ಏರಿ ಮೇಲೆ ಓಡಿದೆ. ಅರವತ್ತೆಂಟರ ವಯಸ್ಸು, ಲಾಠಿ ತಿಂದ ಮಂಡಿ. ಪೊಲೀಸರು ಅಟ್ಟಿಸಿಕೊಂಡು ಬಂದಾಗಲೂ ಇಷ್ಟು ಓಡಿರಲಿಲ್ಲ. ಏನೂ ತಪ್ಪು ಮಾಡದ ಒಂದು ಹುಡುಗಿಯ ಒಂದು ವರ್ಷವನ್ನು ಐವತ್ತು ಹೆಜ್ಜೆ ನಡೆಯಲಾರದ ನನ್ನ ಸೊಕ್ಕು ನುಂಗಿತಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಆ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ.

ನೂರೀನಳ ಬಾಗಿಲು ತೆರೆದಿತ್ತು. ಆಕೆ ಮಂಚದ ಮೇಲೆ ಕಾಲು ಚಾಚಿ ರವಿಕೆಯೊಂದಕ್ಕೆ ಕೊಕ್ಕೆ ಹೊಲಿಯುತ್ತಿದ್ದಳು.

"ಬನ್ನಿ ಅಣ್ಣಾ. ಯಾಕೆ ಹಿಂಗೆ ಏದುಸಿರು? ನೀರು ಕೊಡ್ಲಾ?"

"ಅಫ್ರೀನ್... ಅಫ್ರೀನ್ ಎಲ್ಲಮ್ಮಾ?"

"ಸ್ಕೂಲಿಗೆ ಹೋದ್ಲಲ್ಲ. ರೋಡ್ ಮೇಲೆ ಹೋದ್ಲು, ನೀವು ಏರಿ ಮೇಲೆ ಬಂದ್ರೇನೋ."

ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತೆ. ಕೂತಲ್ಲಿಂದಲೇ ಎಪ್ಪತ್ತೈದು ಪರ್ಸೆಂಟಿನ ಸಂಗತಿ, ಇನ್ನೊಂದು ದಿನವೂ ತಪ್ಪಿಸಬಾರದೆಂಬ ಸಂಗತಿ, ಎಲ್ಲ ಹೇಳಿದೆ. ಮೈಕಿಲ್ಲದೆ, ಎರಡೇ ನಿಮಿಷ. ನೂರೀನ್ ಅಳಲಿಲ್ಲ. "ಹಂಗಾ ವಿಷಯ! ಮೊದ್ಲೇ ಹೇಳಬಾರ್ದಿತ್ತಾ ಆ ಹುಡುಗಿ! ಇನ್ನು ನಾನು ತೆವಳ್ಕೊಂಡಾದ್ರೂ ನೀರು ತಂದ್ಕೋತೀನಿ, ಅವಳು ಒಂದು ದಿನಾನೂ ಮನೇಲಿ ಇರಲ್ಲ" ಎಂದಳು.

ಮೇಡಂ ಫೋನು ಬಂತು: "ಬಂದ್ಲು ಕಣ್ರೀ! ಇಡೀ ಸ್ಕೂಲಿಗೆ ಒಬ್ಬಳೇ. ಹಾಜರಿ ಹಾಕಿದೆ. ಏಳು ಜನ ಟೀಚರ್ಸು ಸೇರಿ ಅವಳೊಬ್ಬಳಿಗೇ ಪಾಠ ಮಾಡ್ತಾ ಇದ್ದೀವಿ!"

ಹೋದ ಜೀವ ಬಂತು. ಜೀವದ ಹಿಂದೆಯೇ ಮೀಸೆಗೂ ಬಲ ಬಂತು. ಇಡೀ ಊರು ಕಿಟಕಿ ಹಾಕಿಕೊಂಡಿದ್ದಾಗ, ಯಾರಿಗೆ ಮುಟ್ಟಬೇಕಿತ್ತೋ ಆ ಒಂದು ಮನೆಗೆ ನನ್ನ ಮಾತು ಮುಟ್ಟಿತ್ತು! ಐದು ನಿಮಿಷ ಈ ಓಣಿಗೆಂದೇ ಗುಡುಗಿದ್ದು ವ್ಯರ್ಥವಾಗಲಿಲ್ಲ! ಶಾಲು ಕೊಡವಿ ಎದ್ದು ನಿಂತೆ.

"ಊರೆಲ್ಲ ಬಂದ್ ಅಂತ ಮಕ್ಕಳನ್ನ ಮನೇಲಿ ಇಟ್ಕೊಂಡಿದೆ. ನೀನೊಬ್ಬಳೇ ಧೈರ್ಯವಾಗಿ ಕಳಿಸಿದ್ಯಲ್ಲ ತಾಯಿ! ಮೈಕಲ್ಲಿ ನಾನು ಹೇಳಿದ್ದು ಸರಿಯಾಗಿ ಕೇಳಿಸ್ತು ಅಲ್ವಾ?"

ನೂರೀನ್ ದಾರ ಕಚ್ಚಿ ಕತ್ತರಿಸಿದಳು.

"ಇಲ್ಲ ಅಣ್ಣಾ, ಅದೇನೋ ಗದ್ದಲ ಅಂತ ಬಾಗಿಲು ಹಾಕ್ಕೊಂಡಿದ್ವಿ. ಬೆಳಿಗ್ಗೆ ಪಕ್ಕದ ಮನೆಯೋರು ಬಂದು ಇವತ್ತು ಬಂದ್, ಮಗಳನ್ನ ಕಳಿಸಬೇಡ ಅಂದ್ರು. ಯಾರು ಕರೆದಿರೋದು ಅಂತ ಕೇಳಿದೆ. ನಿಮ್ಮ ಹೆಸರು ಹೇಳಿದ್ರು. 'ಓ, ಅವರಾ? ಅವರ ಬಂದ್‌ಗೆ ನಮ್ಮ ಗಾರ್ಮೆಂಟ್ಸ್ ಬಸ್ಸು ಒಂದು ದಿನಾನೂ ನಿಂತಿಲ್ಲ. ಹಂಗಾದ್ರೆ ಎಲ್ಲಾ ತೆಗೆದಿರುತ್ತೆ, ಹೋಗು ಬೇಟಾ' ಅಂತ ಕಳಿಸ್ದೆ."